ಪೆಡಲು ಕೊಳ್ಳುವ ಮುನ್ನ

ಸೈಕಲ್ಲು ಕೊಳ್ಳಲು ಅಂಗಡಿಗೆ ಹೋದವರ ಕಣ್ಣು ಮೊದಲು ಹರಿಯುವುದು ಬಣ್ಣದ ಮೇಲೆ. ಅನಂತರ ಸೀಟು, ಬೆಲ್ಲು, ಕ್ಯಾರಿಯರುಗಳ ಮೇಲೆ. ಬ್ರೇಕನ್ನು ಒಮ್ಮೆ ಒತ್ತಿ ನೋಡುವ ಜಾಣರೂ ಉಂಟು. ಆದರೆ ಪೆಡಲನ್ನು ಬೆರಳಿನಿಂದ ತಿರುಗಿಸಿ ಪರೀಕ್ಷಿಸುವ ಗಿರಾಕಿ ಬಲು ಅಪರೂಪ. ಸವಾರನ ಬಲವೆಲ್ಲ ಸೈಕಲ್ಲಿಗೆ ಇಳಿಯುವುದು ಅದೊಂದೇ ದಾರಿಯಿಂದ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೂ ಕೊಳ್ಳುವ ಹೊತ್ತಿಗೆ ಅದು ಯಾರ ನೆನಪಿಗೂ ಬಾರದು.

ಲೆಕ್ಕ ಹಾಕಿದರೆ ಇದರ ಮಹತ್ವ ತಿಳಿಯುತ್ತದೆ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಹೋಗುವಾಗ ಇಪ್ಪತ್ತು ನಿಮಿಷ, ಬರುವಾಗ ಇಪ್ಪತ್ತು ನಿಮಿಷ ಸೈಕಲ್ಲು ತುಳಿಯುತ್ತಾಳೆಂದು ಇಟ್ಟುಕೊಳ್ಳೋಣ. ನಿಮಿಷಕ್ಕೆ 60 ಸುತ್ತಿನಂತೆ ದಿನಕ್ಕೆ 2,400 ಸುತ್ತು. ಶಾಲೆಯ 200 ದಿನಗಳಿಗೆ 4,80,000 ಸುತ್ತು. ಇಷ್ಟು ಸಲವೂ ಅವಳ ತೂಕದ ಒಂದು ಪಾಲನ್ನು ಹೊರುವುದು ಬೆರಳುಗಾತ್ರದ ಒಂದು ಉಕ್ಕಿನ ಇರುಸು ಮತ್ತು ಅದರ ಸುತ್ತ ಉರುಳುವ ಪುಟ್ಟ ಗುಂಡುಗಳು. ಅವು ಸವೆದು ಪೆಡಲು ಲೊಡಲೊಡ ಎನ್ನತೊಡಗಿದ ಮೇಲೆ ಕಾಲು ಜಾರಿ ಬೀಳುವುದಕ್ಕೆ ಹೆಚ್ಚು ಹೊತ್ತು ಬೇಡ.

ನಾಲ್ಕು ಊರು, ನಾಲ್ಕು ಪರೀಕ್ಷೆ

ಪೆಡಲಿನ ಬಾಳಿಕೆಯನ್ನು ಪರೀಕ್ಷಿಸಬೇಕೆನ್ನುವವರಿಗೆ ಹಾಸನದ ಸೀಮೆಗಿಂತ ಒಳ್ಳೆಯ ಸ್ಥಳ ದೊರೆಯದು. ಹಾಸನ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರದಲ್ಲಿದೆ. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಎರಡರ ಗುಣವೂ ಇಲ್ಲಿನ ದಾರಿಗಳಲ್ಲಿ ಬೆರೆತಿದೆ. ಹೊಳೆನರಸೀಪುರ ಹೇಮಾವತಿಯ ದಡದ ಊರು. ಹಾಸನದಿಂದ ಅಲ್ಲಿಗೆ ಹೋಗುವವನಿಗೆ ಒಟ್ಟಾರೆ ಇಳಿಜಾರು, ಹಿಂದಿರುಗುವವನಿಗೆ ಏರು. ಬೆಳಗಿನ ಸುಖವನ್ನು ಸಂಜೆಯ ಮೊಣಕಾಲು ತೀರಿಸಬೇಕು. ಅರಕಲಗೂಡಿನ ಕಡೆ ಆಲೂಗೆಡ್ಡೆ ಮತ್ತು ಹೊಗೆಸೊಪ್ಪಿನ ಹೊಲಗಳ ನಡುವಣ ದಾರಿಗಳಲ್ಲಿ ಮಳೆಗಾಲದ ಕೆಂಪು ಕೆಸರು ಪೆಡಲಿನ ಸಂದುಸಂದಿಗೂ ನುಗ್ಗುತ್ತದೆ. ಚನ್ನರಾಯಪಟ್ಟಣದ್ದು ಬೇರೊಂದು ರೀತಿ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿ ಅಲ್ಲಿ ಹಾಯುತ್ತದೆ. ರಸ್ತೆ ನುಣುಪು, ಆದರೆ ಪಕ್ಕದಲ್ಲಿಯೇ ಲಾರಿಗಳ ಭರಾಟೆ. ಅಲ್ಲಿ ಕಾಲು ಜಾರಿದರೆ ಮೊಣಕಾಲಿನ ಗಾಯಕ್ಕೆ ಮುಗಿಯುವ ಮಾತಲ್ಲ.

ಈ ದಾರಿಗಳಲ್ಲಿ ಎರಡು ಬಗೆಯ ಸೈಕಲ್ಲುಗಳು ಓಡಾಡುತ್ತವೆ. ಒಂದು, ಹಳೆಯ ಬಗೆಯ ಗಟ್ಟಿ ಸೈಕಲ್ಲು. ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿದ ಯೋಜನೆಯಂತೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ವರ್ಷಗಟ್ಟಲೆ ಸೈಕಲ್ಲು ಹಂಚಲಾಯಿತು. ಮಕ್ಕಳು ಕಾಲೇಜು ಮುಗಿಸಿ ಹೋದ ಮೇಲೂ ತಂದೆಯೋ ತಾತನೋ ಆ ಸೈಕಲ್ಲನ್ನೇ ಹಾಲಿನ ಡೇರಿಗೂ ಸಂತೆಗೂ ಓಡಿಸುವ ಮನೆಗಳುಂಟು. ಇನ್ನೊಂದು, ಗೇರುಗಳುಳ್ಳ ಹೊಸ ಸೈಕಲ್ಲು. ಇದು ಆರೋಗ್ಯಕ್ಕಾಗಿ ಮುಂಜಾನೆ ತುಳಿಯುವವರದು, ದೂರ ಪ್ರಯಾಣದ ಹವ್ಯಾಸಿಗಳದು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸಬೇಕೆಂಬ ನಿಯಮದ ‘ಬ್ರೆವೆ’ ಎಂಬ ಸವಾರಿಗಳು ಈಗ ನಮ್ಮ ದೇಶದಲ್ಲಿಯೂ ನಡೆಯುತ್ತವೆ. ಇವುಗಳಲ್ಲಿ ಜಯಾಪಜಯವಿಲ್ಲ, ಹೊತ್ತಿಗೆ ತಲುಪುವುದಷ್ಟೇ ಗುರಿ. ಅಷ್ಟು ದೂರ ತುಳಿಯಬೇಕೆನ್ನುವವನು ಇಂದಲ್ಲ ನಾಳೆ ಕೇಳುವ ಪ್ರಶ್ನೆ ಒಂದು: ಪೆಡಲಿಗೆ ಟೋ ಕ್ಲಿಪ್ ಹಾಕಿಸಬೇಕೆ? ಹಾಕಿಸುವುದಾದರೆ ಅದಕ್ಕೆ ಒಗ್ಗುವ, ಬಹುಕಾಲ ಬಾಳುವ ಪೆಡಲು ಯಾವುದು?

ಟೋ ಕ್ಲಿಪ್ಪಿನ ಕಥೆ

ಟೋ ಕ್ಲಿಪ್ ಎಂದರೆ ಪೆಡಲಿನ ಮುಂಭಾಗಕ್ಕೆ ತಿರುಪಿನಿಂದ ಬಿಗಿಯುವ, ಉಕ್ಕಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಬಾಗಿದ ಒಂದು ಪಂಜರ. ಪಾದದ ಮುಂತುದಿ ಅದರೊಳಗೆ ಸೇರುತ್ತದೆ. ಅದರ ಮೇಲಿನಿಂದ ಹಾದು ಪೆಡಲಿನ ಒಡಲೊಳಗೆ ತೂರುವ ತೊಗಲಿನ ಅಥವಾ ನೈಲಾನಿನ ಪಟ್ಟಿಯೊಂದು ಪಾದವನ್ನು ಹಿಡಿದಿಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗಾಗಲೇ ಇದು ಬಳಕೆಗೆ ಬಂದಿತ್ತು.

ಈ ಸಾಧನದೊಡನೆ ಒಬ್ಬ ಫ್ರೆಂಚ್ ಸವಾರನ ಹೆಸರು ಬೆರೆತುಹೋಗಿದೆ. ಅವನೇ ಯೂಜೀನ್ ಕ್ರಿಸ್ತೋಫ್. 1913ರ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಟೂರ್ಮಲೇ ಎಂಬ ಘಟ್ಟವನ್ನು ಇಳಿಯುತ್ತಿದ್ದಾಗ ಅವನ ಸೈಕಲ್ಲಿನ ಮುಂಗವೆ ಮುರಿಯಿತು. ಪರರ ಸಹಾಯ ಪಡೆಯಬಾರದೆಂಬುದು ಪಂದ್ಯದ ನಿಯಮ. ಅವನು ಸೈಕಲ್ಲನ್ನು ಹೊತ್ತು ಬೆಟ್ಟದ ಬುಡದ ಹಳ್ಳಿಯವರೆಗೆ ನಡೆದು, ಅಲ್ಲಿನ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ, ಬಡಿದು, ಕವೆಯನ್ನು ಬೆಸೆದುಕೊಂಡು ಮುಂದೆ ಸಾಗಿದ. ತಿದಿಯೊತ್ತಲು ಒಬ್ಬ ಹುಡುಗನ ನೆರವು ಪಡೆದನೆಂಬ ಕಾರಣಕ್ಕೆ ಅಧಿಕಾರಿಗಳು ಅವನಿಗೆ ದಂಡ ವಿಧಿಸಿದರು! 1919ರಲ್ಲಿ ಅದೇ ಪಂದ್ಯದಲ್ಲಿ ಮುಂಚೂಣಿಯ ಸವಾರನಿಗೆ ಸಲ್ಲುವ ಹಳದಿ ಅಂಗಿಯನ್ನು ಮೊಟ್ಟಮೊದಲು ತೊಟ್ಟವನೂ ಅವನೇ. ಅವನ ಹೆಸರನ್ನು ಹೊತ್ತ ಟೋ ಕ್ಲಿಪ್ಪುಗಳು ದಶಕಗಳ ಕಾಲ ಸೈಕಲ್ ಪಂದ್ಯಗಳನ್ನು ಆಳಿದವು. ಕೆಟ್ಟುದನ್ನು ಬಿಚ್ಚಿ ಸರಿಪಡಿಸಿಕೊಂಡು ಮುಂದೆ ಸಾಗಿದವನ ಹೆಸರು ಈ ಸಾಧನಕ್ಕೆ ಬಂದುದು ಉಚಿತವೇ ಆಯಿತು.

1980ರ ದಶಕದಲ್ಲಿ ಈ ಆಳ್ವಿಕೆ ಮುಗಿಯಿತು. ಬೂಟಿನ ಅಡಿಯ ತುಂಡೊಂದು ಪೆಡಲಿಗೆ ನೇರವಾಗಿ ಕಚ್ಚಿಕೊಳ್ಳುವ ಬಗೆಯನ್ನು ಫ್ರಾನ್ಸಿನ ಲುಕ್ ಸಂಸ್ಥೆ ಮಾರುಕಟ್ಟೆಗೆ ತಂದಿತು. 1985ರಲ್ಲಿ ಬರ್ನಾರ್ಡ್ ಹಿನೋ ಆ ಪೆಡಲಿನಲ್ಲಿಯೇ ಟೂರ್ ಡಿ ಫ್ರಾನ್ಸನ್ನು ಗೆದ್ದ. ಆದರೂ ಟೋ ಕ್ಲಿಪ್ ಅಳಿದಿಲ್ಲ. ಜಪಾನಿನಲ್ಲಿ 1948ರಲ್ಲಿ ಆರಂಭವಾದ ಕೈರಿನ್ ಪಂದ್ಯಗಳ ವೃತ್ತಿ ಸವಾರರು ಇಂದಿಗೂ ಕ್ಲಿಪ್ಪು, ಪಟ್ಟಿಗಳನ್ನೇ ಕಟ್ಟಿಕೊಂಡು ಓಡುತ್ತಾರೆ. ನಮ್ಮ ಊರುಗಳ ಸವಾರರಿಗೆ ಅದು ಹಿತವಾಗಲು ಕಾರಣ ಬೇರೆ: ಅದಕ್ಕೆ ವಿಶೇಷವಾದ ಬೂಟು ಬೇಡ. ಸೈಕಲ್ಲಿನಿಂದ ಇಳಿದವನು ಅದೇ ಬೂಟಿನಲ್ಲಿ ಕಚೇರಿಗೂ ಹೋಗಬಹುದು, ಶ್ರವಣಬೆಳಗೊಳದ ಬೆಟ್ಟದ ಬುಡದವರೆಗೆ ನಡೆಯಲೂಬಹುದು.

ಕ್ಲಿಪ್ಪಿನಿಂದ ದೊರೆಯುವ ಲಾಭವನ್ನು ಉತ್ಪ್ರೇಕ್ಷಿಸಬಾರದು. ಪೆಡಲನ್ನು ಮೇಲಕ್ಕೆ ಎಳೆದು ಬಲವನ್ನು ಇಮ್ಮಡಿಗೊಳಿಸಬಹುದೆಂಬ ಮಾತು ಬರಿಯ ಹೇಳಿಕೆ. ನಿಜವಾದ ಲಾಭ ಎರಡು. ಪಾದದ ಉಬ್ಬು ಸದಾ ಇರುಸಿನ ನೇರಕ್ಕೆ ನಿಲ್ಲುತ್ತದೆ. ಮಳೆಯಲ್ಲಿ, ಹಳ್ಳದಿಣ್ಣೆಗಳಲ್ಲಿ ಕಾಲು ಜಾರುವುದಿಲ್ಲ. ದೂರದ ದಾರಿಯಲ್ಲಿ ಇವೆರಡೂ ಸಣ್ಣ ಸಂಗತಿಗಳಲ್ಲ.

ಕ್ಲಿಪ್ ಕೂರುವ ಪೆಡಲು

ಎಲ್ಲ ಪೆಡಲುಗಳಿಗೂ ಟೋ ಕ್ಲಿಪ್ ಹೊಂದದು. ಹಳೆಯ ಸೈಕಲ್ಲುಗಳ ರಬ್ಬರ್ ಪೆಡಲಿನಲ್ಲಿ ಎರಡು ರಬ್ಬರಿನ ದಿಮ್ಮಿಗಳಿರುತ್ತವೆ. ಬರಿಗಾಲಿಗೂ ಚಪ್ಪಲಿಗೂ ಅದು ಹಿತ. ಎರಡು ಮಗ್ಗುಲಿನಿಂದಲೂ ತುಳಿಯಬಹುದು. ಆದರೆ ಕ್ಲಿಪ್ ಬಿಗಿಯಲು ಬೇಕಾದ ಚಪ್ಪಟೆ ಲೋಹದ ಮುಖವಾಗಲಿ, ಪಟ್ಟಿ ತೂರುವ ಸಂದಾಗಲಿ ಅದರಲ್ಲಿಲ್ಲ. ತಂತಿ ಸುತ್ತಿಯೋ ಹಗ್ಗ ಕಟ್ಟಿಯೋ ಅದಕ್ಕೆ ಕ್ಲಿಪ್ ಸಿಕ್ಕಿಸುವುದು ಅಪಾಯವನ್ನು ಮನೆಗೆ ಕರೆದಂತೆ.

ಹೊಸ ಸೈಕಲ್ಲುಗಳೊಡನೆ ಬರುವ ಪ್ಲಾಸ್ಟಿಕ್ ಪೆಡಲುಗಳಲ್ಲಿ ಕೆಲವಕ್ಕೆ ಮುಂಭಾಗದಲ್ಲಿ ರಿಫ್ಲೆಕ್ಟರ್ ಕೂರಿಸುವ ತೂತುಗಳಿರುತ್ತವೆ. ರಿಫ್ಲೆಕ್ಟರನ್ನು ಕಳಚಿ ಆ ತೂತುಗಳಿಗೆ ಕ್ಲಿಪ್ ಬಿಗಿಯಬಹುದು. ಆದರೆ ಪಟ್ಟಿ ಹಾಯಲು ದಾರಿಯುಂಟೆ ಎಂಬುದನ್ನು ಮೊದಲೇ ನೋಡತಕ್ಕದ್ದು. ಕಾಲು ಕಚ್ಚಿ ಹಿಡಿಯುವ ಮೊಳೆಗಳುಳ್ಳ ಅಗಲವಾದ ಪೆಡಲುಗಳು ಬೆಟ್ಟಗುಡ್ಡದ ಸವಾರಿಗೆ ಒಳ್ಳೆಯವು. ಕ್ಲಿಪ್ಪಿಗೆ ಮಾತ್ರ ಒಗ್ಗವು. ಮೊಳೆಗಳು ಬೂಟನ್ನು ಸರಿಯಗೊಡುವುದಿಲ್ಲ. ಪಾದ ಒಳಹೋಗುವುದೂ ಕಷ್ಟ, ಹೊರಬರುವುದು ಇನ್ನೂ ಕಷ್ಟ.

ಕ್ಲಿಪ್ಪಿಗೆ ಹೇಳಿ ಮಾಡಿಸಿದಂಥದು ಲೋಹದ ಚೌಕಟ್ಟಿನ ಪೆಡಲು. ಅದರಲ್ಲಿ ನಾಲ್ಕು ಲಕ್ಷಣಗಳನ್ನು ಹುಡುಕಬೇಕು. ಮುಂಪಟ್ಟಿಯಲ್ಲಿ ಕ್ಲಿಪ್ ಬಿಗಿಯಲು ಎರಡು ತೂತು ಅಥವಾ ಸೀಳು ಇರಬೇಕು. ಎರಡು ಪಕ್ಕಗಳಲ್ಲಿಯೂ ಪಟ್ಟಿ ಹಾಯುವಷ್ಟು ಸಂದಿರಬೇಕು. ಸವಾರನ ಬೂಟಿನ ಅಗಲಕ್ಕೆ ಚೌಕಟ್ಟು ಸಾಲುವಂತಿರಬೇಕು. ಪಂದ್ಯದ ಸವಾರರ ಕಿರಿದಾದ ಪೆಡಲಿನಲ್ಲಿ ನಮ್ಮ ಅಗಲ ಪಾದಗಳು ಹೊರಗೆ ತೂಗುತ್ತವೆ. ನಾಲ್ಕನೆಯದಾಗಿ, ಹಿಂಭಾಗದಲ್ಲಿ ಒಂದು ಸಣ್ಣ ನಾಲಗೆ ಇದ್ದರೆ ಮೇಲು. ಕ್ಲಿಪ್ಪಿನ ಭಾರಕ್ಕೆ ಪೆಡಲು ಯಾವಾಗಲೂ ಬೋರಲಾಗಿ ನಿಲ್ಲುತ್ತದೆ. ಬೂಟಿನ ತುದಿಯಿಂದ ಆ ನಾಲಗೆಯನ್ನು ತಟ್ಟಿದೊಡನೆ ಪೆಡಲು ಮಗುಚಿಕೊಂಡು ಪಾದಕ್ಕೆ ಬಾಯಿ ತೆರೆಯುತ್ತದೆ. ಜಪಾನಿನ ಎಂ.ಕೆ.ಎಸ್. ಸಂಸ್ಥೆಯ ‘ಸಿಲ್ವನ್’ ಮಾದರಿಯ ಪೆಡಲುಗಳು ಈ ಜಾತಿಗೆ ಸೇರಿದವು. ಅದೇ ಬೇಕೆಂದಿಲ್ಲ, ಲಕ್ಷಣಗಳು ಕೂಡಿಬಂದರೆ ಯಾವ ಹೆಸರಿನದಾದರೂ ಸರಿಯೆ. ಪೆಡಲು ಅಗ್ಗದ್ದು, ಕ್ಲಿಪ್ಪು ದುಬಾರಿಯದು ಎಂಬಂತಾದರೆ ಮಾತ್ರ ಮೂಗಿಗಿಂತ ಮೂಗುತಿ ಭಾರವಾದೀತು.

ಬಾಳಿಕೆಯ ಗುಟ್ಟು

ಪೆಡಲಿನ ಬಾಳಿಕೆ ಇರುವುದು ಹೊರಗಣ ಹೊಳಪಿನಲ್ಲಿ ಅಲ್ಲ, ಒಳಗೆ. ಇರುಸಿನ ಎರಡು ತುದಿಗಳಲ್ಲಿಯೂ ಉಕ್ಕಿನ ಗುಂಡುಗಳು ಕಪ್ಪು ಮತ್ತು ಕೋನುಗಳ ನಡುವೆ ಉರುಳುತ್ತವೆ. ಹೊರತುದಿಯ ಮುಚ್ಚಳವನ್ನು ತೆಗೆದರೆ ಒಳಗೆ ಒಂದು ನಟ್ಟು, ಅದರ ಹಿಂದೆ ಕೋನು ಕಾಣುತ್ತವೆ. ನಟ್ಟನ್ನು ಸಡಿಲಿಸಿ ಕೋನನ್ನು ಕಾಲು ಸುತ್ತು ತಿರುಗಿಸಿದರೆ ಸವೆತದಿಂದ ಬಂದ ಅಲುಗಾಟ ನಿಲ್ಲುತ್ತದೆ. ಗುಂಡು ಸವೆದರೆ ಗುಂಡನ್ನು, ಕೋನು ಸವೆದರೆ ಕೋನನ್ನು ಬದಲಿಸಬಹುದು. ಇಂಥ ಪೆಡಲು ಬಿಚ್ಚುವ ಕೈ ಬಲ್ಲವನ ಬಳಿ ಹತ್ತಾರು ವರ್ಷ ಬಾಳುತ್ತದೆ.

ಅಗ್ಗದ ಪೆಡಲುಗಳಲ್ಲಿ ಈ ಅನುಕೂಲವನ್ನೇ ಅಳಿಸಿಬಿಟ್ಟಿರುತ್ತಾರೆ. ಮುಚ್ಚಳವೇ ಇರುವುದಿಲ್ಲ, ಅಥವಾ ಇದ್ದರೂ ತೆಗೆಯಲು ಬಾರದು; ಚೌಕಟ್ಟನ್ನು ತಿರುಪಿನ ಬದಲು ರಿವೆಟ್ಟಿನಿಂದ ಬಡಿದಿರುತ್ತಾರೆ; ಕೆಲವದರಲ್ಲಿ ಗುಂಡುಗಳ ಬದಲಿಗೆ ಬರಿಯ ಪ್ಲಾಸ್ಟಿಕ್ ಕೊಳವೆ. ಹೊಸದರಲ್ಲಿ ಅದೂ ಚೆನ್ನಾಗಿಯೇ ತಿರುಗುತ್ತದೆ. ಮೊದಲನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಬಣ್ಣ ಬಯಲಾಗುತ್ತದೆ. ಬಿಚ್ಚಲು ಬಾರದುದನ್ನು ಸರಿಪಡಿಸಲು ಬಾರದು. ಎಸೆದು ಬೇರೊಂದು ತರಬೇಕು. ಎರಡು ಮೂರು ಸಲ ಹೀಗೆ ತಂದವನು ಒಳ್ಳೆಯ ಪೆಡಲಿನ ಬೆಲೆಯನ್ನು ಕಂತಿನಲ್ಲಿ ತೆತ್ತಂತಾಯಿತು. ಕೈಗೆ ಮಾತ್ರ ಒಳ್ಳೆಯ ಪೆಡಲು ಬರಲಿಲ್ಲ.

ಗುಂಡುಗಳನ್ನು ಒಂದು ಡಬ್ಬಿಯಂತೆ ಮುಚ್ಚಿಟ್ಟ ಸೀಲ್ಡ್ ಬೇರಿಂಗಿನ ಪೆಡಲುಗಳೂ ಉಂಟು. ಅರಕಲಗೂಡಿನ ಕೆಸರಿಗೂ ಚನ್ನರಾಯಪಟ್ಟಣದ ಧೂಳಿಗೂ ಅವು ಸುಲಭವಾಗಿ ಮಣಿಯವು. ಸವೆದಾಗ ಬೇರಿಂಗನ್ನು ಇಡಿಯಾಗಿ ಬದಲಿಸಬೇಕು. ಅದರ ಮೇಲೆ ಅಳತೆಯ ಅಂಕಿ ಇದ್ದು, ಪಂಪುಸೆಟ್ಟು ಮೋಟಾರುಗಳ ಬೇರಿಂಗು ಮಾರುವ ಅಂಗಡಿಯಲ್ಲಿ ಅದೇ ಅಂಕಿಯದು ದೊರೆಯುವಂತಿದ್ದರೆ ಅಡ್ಡಿಯಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಸುಲಭ. ಪೆಡಲನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಎರಡು ಬೆರಳುಗಳಿಂದ ಇರುಸನ್ನು ನಿಧಾನವಾಗಿ ತಿರುಗಿಸಬೇಕು. ಮರಳು ಅರೆದಂತೆ ಕೈಗೆ ತಗುಲಿದರೆ ಕೋನು ಅತಿ ಬಿಗಿಯಾಗಿದೆ ಅಥವಾ ಗ್ರೀಸು ಸಾಲದು. ಅಲುಗಿಸಿದಾಗ ಟಕಟಕ ಎಂದರೆ ಸಡಿಲವಾಗಿದೆ. ಮುಚ್ಚಳ ತೆಗೆಯಲು ಬರುವುದೆ ಎಂದು ಅಂಗಡಿಯವನನ್ನೇ ಕೇಳಬೇಕು. ತೆಗೆದು ತೋರಿಸಿದರೆ ಅರ್ಧ ಪರೀಕ್ಷೆ ಮುಗಿದಂತೆ. ಹೊಸ ಪೆಡಲುಗಳಿಗೆ ಕಾರ್ಖಾನೆಯಲ್ಲಿ ಗ್ರೀಸನ್ನು ಜಿಪುಣತನದಿಂದ ಹಾಕಿರುವುದುಂಟು. ಸೈಕಲ್ಲಿಗೆ ಕೂರಿಸುವ ಮೊದಲೇ ಒಮ್ಮೆ ಬಿಚ್ಚಿಸಿ ಗ್ರೀಸು ತುಂಬಿಸಿದರೆ ಲೇಸು. ಅನಂತರ ಮುಂಗಾರಿಗೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಸಾಕು.

ಎಡ, ಬಲ ಮತ್ತು ಅಳತೆ

ಇರುಸಿನ ಥ್ರೆಡ್ಡಿನ ಅಳತೆಯಲ್ಲಿ ಎಡವಿದರೆ ಉಳಿದ ಜಾಣತನವೆಲ್ಲ ವ್ಯರ್ಥ. ದೊಡ್ಡವರ ಸೈಕಲ್ಲುಗಳಲ್ಲಿ ರೂಢಿಯಲ್ಲಿರುವುದು 9/16 ಅಂಗುಲದ ಅಳತೆ. ಕ್ರ್ಯಾಂಕಿನ ಎರಡು ತೋಳುಗಳೂ ಒಂದೇ ಸರಳಿನಿಂದ ಬಾಗಿ ಮಾಡಿದಂಥ ಕೆಲವು ಮಕ್ಕಳ ಸೈಕಲ್ಲುಗಳಲ್ಲಿ ಅದು 1/2 ಅಂಗುಲ. ಒಂದರದನ್ನು ಇನ್ನೊಂದಕ್ಕೆ ಕೂರಿಸಲಾಗದು. ಹಳೆಯ ಪೆಡಲನ್ನು ಅಂಗಡಿಗೆ ಒಯ್ದು ತಾಳೆ ನೋಡುವುದೇ ನಿರಪಾಯದ ದಾರಿ.

ಬಲಗಡೆಯ ಪೆಡಲಿನ ಥ್ರೆಡ್ಡು ಎಲ್ಲ ತಿರುಪುಗಳಂತೆ ಬಲಕ್ಕೆ ಬಿಗಿಯಾಗುತ್ತದೆ, ಎಡಗಡೆಯದು ಎಡಕ್ಕೆ. ಇದಕ್ಕೆ ಕಾರಣವುಂಟು. ತುಳಿತದ ಭಾರ ಸದಾ ಕೆಳಮುಖವಾದುದರಿಂದ, ಕ್ರ್ಯಾಂಕು ತಿರುಗಿದಂತೆ ಇರುಸು ತನ್ನ ತೂತಿನ ಗೋಡೆಯ ಮೇಲೆ ಸುತ್ತಲೂ ಕೂದಲೆಳೆಯಷ್ಟು ಉರುಳುತ್ತದೆ. ಈ ಉರುಳಾಟ ಇರುಸನ್ನು ಕ್ರ್ಯಾಂಕು ಸುತ್ತುವ ದಿಕ್ಕಿಗೇ ತಿರುಗಿಸಲು ಹವಣಿಸುತ್ತದೆ. ಎಡಗಡೆಗೂ ಸಾಮಾನ್ಯ ಥ್ರೆಡ್ಡು ಇಟ್ಟಿದ್ದರೆ ಪೆಡಲು ಓಡುತ್ತೋಡುತ್ತಲೇ ಕಳಚಿ ಬೀಳುತ್ತಿತ್ತು. ವಿಮಾನ ಕಂಡುಹಿಡಿದ ರೈಟ್ ಸೋದರರು ಅಮೆರಿಕದ ಡೇಟನ್ನಿನಲ್ಲಿ ಸೈಕಲ್ಲು ತಯಾರಕರಾಗಿದ್ದವರು. 1900ರ ಸುಮಾರಿನಲ್ಲಿಯೇ ತಮ್ಮ ಸೈಕಲ್ಲುಗಳಲ್ಲಿ ಅವರು ಈ ಎಡಥ್ರೆಡ್ಡನ್ನು ಬಳಸಿದ್ದರು.

ನೆನಪಿಡಲು ಒಂದೇ ಸೂತ್ರ ಸಾಕು: ಯಾವ ಪಕ್ಕದಲ್ಲಾದರೂ ಸ್ಪ್ಯಾನರಿನ ಮೇಲ್ತುದಿಯನ್ನು ಮುಂಚಕ್ರದ ಕಡೆಗೆ ಒತ್ತಿದರೆ ಬಿಗಿ, ಹಿಂಚಕ್ರದ ಕಡೆಗೆ ಒತ್ತಿದರೆ ಸಡಿಲು. ಇರುಸಿನ ಮೇಲಿನ ಎಲ್, ಆರ್ ಗುರುತುಗಳನ್ನು ನೋಡಿ, ಥ್ರೆಡ್ಡಿಗೆ ಗ್ರೀಸು ಸವರಿ, ಮೊದಲ ನಾಲ್ಕೈದು ಸುತ್ತನ್ನು ಬೆರಳಿನಿಂದಲೇ ಹಾಕತಕ್ಕದ್ದು. ಅಲ್ಯೂಮಿನಿಯಂ ಕ್ರ್ಯಾಂಕಿಗೆ ಉಕ್ಕಿನ ಇರುಸನ್ನು ಓರೆಯಾಗಿ ಬಲವಂತದಿಂದ ತಿರುಗಿಸಿದರೆ ಕ್ರ್ಯಾಂಕಿನ ಥ್ರೆಡ್ಡೇ ಕಿತ್ತುಹೋದೀತು. ಪೆಡಲು ಉಳಿಸಲು ಹೋಗಿ ಕ್ರ್ಯಾಂಕು ಕಳೆದುಕೊಂಡಂತೆ.

ಹೊರಬರುವ ವಿದ್ಯೆ

ಟೋ ಕ್ಲಿಪ್ ಹಾಕಿದವನು ಮೊದಲು ಕಲಿಯಬೇಕಾದುದು ಪಾದವನ್ನು ಒಳಸೇರಿಸುವ ವಿದ್ಯೆಯಲ್ಲ, ಹೊರತೆಗೆಯುವ ವಿದ್ಯೆ. ಪಾದವನ್ನು ಮೊದಲು ಹಿಂದಕ್ಕೆ ಎಳೆದು, ಅನಂತರ ಪಕ್ಕಕ್ಕೆ ತರಬೇಕು. ಗಾಬರಿಯಲ್ಲಿ ನೇರವಾಗಿ ಪಕ್ಕಕ್ಕೆ ಎಳೆದರೆ ಪಾದ ಬಾರದು; ಸೈಕಲ್ಲು ನಿಂತಲ್ಲಿಯೇ ಸವಾರನೊಡನೆ ಉರುಳುತ್ತದೆ. ಇದನ್ನು ಊರ ಮೈದಾನದಲ್ಲಿ ಹತ್ತು ದಿನ ಅಭ್ಯಾಸ ಮಾಡಿ, ಪಾದ ತಾನಾಗಿಯೇ ಹಿಂದೆ ಸರಿಯುವಂತಾದ ಮೇಲೆ ರಸ್ತೆಗೆ ಇಳಿಯಬೇಕು.

ಪಟ್ಟಿಯ ಬಕಲು ಪೆಡಲಿನ ಹೊರಮಗ್ಗುಲಿಗೆ, ಕೈಗೆ ಸುಲಭವಾಗಿ ಸಿಗುವಂತೆ ಇರಬೇಕು. ಚೌಕಟ್ಟಿನೊಳಗೆ ಹಾಯುವಾಗ ಪಟ್ಟಿಗೆ ಒಂದು ತಿರುವು ಕೊಟ್ಟರೆ ಅದು ಸರಿಯದೆ ನಿಲ್ಲುತ್ತದೆ. ತುದಿಯನ್ನು ಎಳೆದರೆ ಬಿಗಿ, ಬಕಲನ್ನು ಬೆರಳಿನಿಂದ ನೂಕಿದರೆ ಸಡಿಲು. ಊರೊಳಗೆ, ಸಂತೆಯ ದಿನ, ಬಸ್ ನಿಲ್ದಾಣದ ಬಳಿ ಪಟ್ಟಿ ಸಡಿಲವಾಗಿಯೇ ಇರಲಿ. ತೆರವಾದ ಹೆದ್ದಾರಿಯಲ್ಲಿ ಕೂಡ ಪಾದ ಒಂದೇ ಎಳೆತಕ್ಕೆ ಹೊರಬರುವಷ್ಟೇ ಬಿಗಿ ಸಾಕು. ಪಟ್ಟಿಯ ಗೊಡವೆಯೇ ಬೇಡವೆನ್ನುವವರಿಗೆ ಪಟ್ಟಿಯಿಲ್ಲದ ಅರ್ಧ ಕ್ಲಿಪ್ಪುಗಳೂ ಉಂಟು. ಹೊಸಬರಿಗೆ ಅವೇ ಯೋಗ್ಯ.

ಕ್ಲಿಪ್ಪಿನ ಗಾತ್ರವೂ ಮುಖ್ಯ. ಸಣ್ಣದು, ನಡುವಣದು, ದೊಡ್ಡದು ಎಂದು ಅವು ದೊರೆಯುತ್ತವೆ. ಪಾದದ ಉಬ್ಬು ಇರುಸಿನ ಮೇಲೆ ನಿಂತಾಗ ಬೂಟಿನ ತುದಿಗೂ ಕ್ಲಿಪ್ಪಿಗೂ ನಡುವೆ ಸ್ವಲ್ಪ ಎಡೆ ಉಳಿದರೆ ಅದೇ ಸರಿಯಾದ ಗಾತ್ರ. ಅಡಿಯಲ್ಲಿ ಆಳವಾದ ಕಚ್ಚುಗಳುಳ್ಳ ಬೂಟು ಚೌಕಟ್ಟಿಗೆ ಸಿಕ್ಕಿಕೊಳ್ಳುವುದರಿಂದ ನುಣುಪಾದ ತಳದ ಬೂಟೇ ಒಳ್ಳೆಯದು. ಇನ್ನೊಂದು ಎಚ್ಚರಿಕೆ: ಕ್ಲಿಪ್ಪಿಗಾಗಿ ಮುಂದಿನ ರಿಫ್ಲೆಕ್ಟರು ತೆಗೆದವರು ಸೈಕಲ್ಲಿಗೆ ದೀಪ ಹಾಕಿಸುವುದನ್ನು ಮರೆಯಬಾರದು.

ಯಾರಿಗೆ ಬೇಡ

ಟೋ ಕ್ಲಿಪ್ ಎಲ್ಲರಿಗೂ ಅಲ್ಲ. ಹವಾಯಿ ಚಪ್ಪಲಿಯಲ್ಲಿ ತುಳಿಯುವವರಿಗೆ ಅದು ಕೂಡದು; ಚಪ್ಪಲಿ ಒಳಗೆ ಉಳಿದು ಕಾಲು ಹೊರಗೆ ಬಂದೀತು. ಸೀರೆಯ ನೆರಿಗೆಗೂ, ಪಂಚೆಯ ಅಂಚಿಗೂ ಆ ಪಂಜರ ಒಂದು ಬಲೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಸಿಲಿಂಡರು ಹೇರಿದ ಸೈಕಲ್ಲು ವಾಲಿದಾಗ ಕಾಲು ಕ್ಷಣಾರ್ಧದಲ್ಲಿ ನೆಲ ಮುಟ್ಟಬೇಕು. ಅಲ್ಲಿ ಕ್ಲಿಪ್ ಶತ್ರು. ಶಾಲೆಯ ಮಕ್ಕಳಿಗೂ ಅದು ಬೇಡ. ಅವರಿಗೆ ಬೇಕಾದುದು ಬಿಚ್ಚಿ ಸರಿಪಡಿಸಬಹುದಾದ ಒಳ್ಳೆಯ ರಬ್ಬರ್ ಪೆಡಲು. ರಬ್ಬರು ಸವೆದು ನುಣುಪಾದೊಡನೆ, ಮಳೆಗಾಲಕ್ಕೆ ಕಾಯದೆ, ಅದನ್ನು ಬದಲಿಸುವುದು ಮನೆಯ ಹಿರಿಯರ ಹೊಣೆ. ಮಗುವಿನ ಬೂಟು ಸವೆದುದನ್ನು ಗಮನಿಸುವ ತಾಯಿತಂದೆಗಳು ಮಗುವಿನ ಪೆಡಲು ಸವೆದುದನ್ನೂ ತಿಂಗಳಿಗೊಮ್ಮೆ ಬಗ್ಗಿ ನೋಡಿದರೆ ನಷ್ಟವೇನೂ ಇಲ್ಲ.

ಒಟ್ಟಿನಲ್ಲಿ ಕೊಳ್ಳುವವನು ನೆನಪಿಡಬೇಕಾದ ಮಾತು ದೊಡ್ಡದಲ್ಲ. ಪೆಡಲನ್ನು ಬಿಚ್ಚಲು ಬರಬೇಕು. ಪಾದವನ್ನು ಬಿಡಿಸಲು ಬರಬೇಕು. ಮೊದಲನೆಯದು ಹಣವನ್ನು ಉಳಿಸುತ್ತದೆ, ಎರಡನೆಯದು ಪ್ರಾಣವನ್ನು. ಇವೆರಡೂ ಕೂಡಿದ ಪೆಡಲು ಹಾಸನದ ಏರಿನಲ್ಲಿ, ಹೇಮಾವತಿಯ ಇಳಿಜಾರಿನಲ್ಲಿ, ಅರಕಲಗೂಡಿನ ಕೆಸರಿನಲ್ಲಿ, ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಸದ್ದಿಲ್ಲದೆ ತಿರುಗುತ್ತಿರುತ್ತದೆ. ಸದ್ದು ಮಾಡತೊಡಗಿದ ದಿನ ಅದನ್ನು ಎಸೆಯಬೇಕಾಗಿಲ್ಲ. ಒಂದು ಸ್ಪ್ಯಾನರು, ಒಂದು ಚಮಚೆ ಗ್ರೀಸು, ಅರ್ಧ ಗಂಟೆಯ ಬಿಡುವು ಇದ್ದರೆ ಸಾಕು.